ಉಣ್ಣೆಯ ಮೊಲ, ಮುರಿದ ಮೊನೆ

"ಆ ಮನೇಲಿ ಹಗಲೆಲ್ಲ ಗೊಂಬೆಗೆ ಸೂಜಿ ಚುಚ್ತಾ ಕೂತಿರ್ತಾಳೆ. ಮಕ್ಕಳನ್ನ ಆ ಕಡೆ ಬಿಡಬೇಡಿ" ಎನ್ನುತ್ತಿದ್ದರು ಬೀದಿಯವರು. ಹೀಗೆಂದವರೇ ಮರುದಿನ ಅದೇ ಬಾಗಿಲಿಗೆ ಹೋಗಿ, ತೂತುಬಿದ್ದ ಸ್ವೆಟರ್ ಸರಿಮಾಡಿಕೊಡಿ ಎಂದು ಹಲ್ಲುಗಿಂಜುತ್ತಿದ್ದರು, ಅದು ಬೇರೆ ಮಾತು. ಮೂಲೆಯ ಇಸ್ತ್ರಿಯವನಂತೂ ಅವಳ ಕಿಟಕಿಯ ಹತ್ತಿರ ಬಂದಾಗ ದನಿ ತಗ್ಗಿಸುವನು. "ಕೇಳಿಸ್ತಾ? ಚುಕ್ ಚುಕ್ ಚುಕ್. ಇವತ್ತು ಯಾರ ಸರದಿಯೋ!"

ಆದರೆ ಬೀದಿ ಅವಳಿಗೆ ಹೆದರುತ್ತಿದ್ದುದಕ್ಕಿಂತ ಅವಳೇ ಜಗತ್ತಿಗೆಲ್ಲ ಹೆದರುತ್ತಿದ್ದಳು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಓಡುವಳು. ಬೀಗ ಜಗ್ಗಿ ನೋಡುವಳು. ಜಗ್ಗಿದ್ದಕ್ಕೇ ಸಡಿಲವಾಯಿತೇನೋ ಎಂದು ಇನ್ನೊಮ್ಮೆ ಜಗ್ಗುವಳು. ಗಡಿಯಾರ ರಿಪೇರಿ ಮಾಡುವ ಅವಳ ಗಂಡ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಗದರುತ್ತಿದ್ದ. "ಬಿಡೇ ಸಾಕು. ಕಳ್ಳ ಬರೋಕೆ ಮುಂಚೆ ನೀನೇ ಮುರಿದು ಹಾಕ್ತೀಯ."

ಎಲ್ಲರೂ ಅವಳನ್ನು ಉಣ್ಣೆ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಬಾಚಿದ ಉಣ್ಣೆಯ ಎಳೆಗಳನ್ನು ದಪ್ಪ ಸ್ಪಂಜಿನ ಮೇಲೆ ಹರಡಿ, ಸೂಜಿಯಿಂದ ಚುಚ್ಚಿ ಚುಚ್ಚಿ ಚಿತ್ರ, ಗೊಂಬೆ ಮಾಡುವುದು ಅವಳ ಕಸುಬು. ಆ ಸೂಜಿಗೆ ದಾರವಿಲ್ಲ, ಕಣ್ಣೂ ಇಲ್ಲ. ಮೈಮೇಲೆ ಕಾಣದಷ್ಟು ಸಣ್ಣ ಕಚ್ಚುಗಳು. ಒಳಗೆ ಹೋದಾಗಲೆಲ್ಲ ನಾಲ್ಕೆಳೆ ಎಳೆದುಕೊಂಡು ಹೋಗುತ್ತದೆ. ಚುಚ್ಚಿದಷ್ಟೂ ಎಳೆಗಳು ಒಂದಕ್ಕೊಂದು ತಳುಕು ಹಾಕಿಕೊಂಡು, ಮೋಡದಂತಿದ್ದ ಉಣ್ಣೆ ಗಟ್ಟಿಯಾಗುತ್ತದೆ. ಬೂದಿಬಣ್ಣದ ಎಳೆ ಅವಳ ಕೈಯಲ್ಲಿ ಮುಸ್ಸಂಜೆಯ ಕೆರೆಯಾಗುತ್ತಿತ್ತು, ಕಂದು ಎಳೆ ಮುದುಕನ ಮುಖವಾಗುತ್ತಿತ್ತು.

ಆ ಸೂಜಿಗೆ ಒಂದು ಕೆಟ್ಟ ಗುಣ. ನೆಟ್ಟಗೆ ಹೋದರೆ ಸರಿ, ಸ್ವಲ್ಪ ಓರೆಯಾದರೆ ತುದಿ ಪಟಕ್ಕೆಂದು ಒಳಗೇ ಮುರಿಯುತ್ತದೆ. ಸದ್ದೂ ಕೇಳಿಸದು. ಮುರಿದದ್ದು ಗೊತ್ತಾದರೆ ಚಿಕ್ಕಮ್ಮ ಅಲ್ಲಿಗೇ ಕೆಲಸ ನಿಲ್ಲಿಸುವಳು. ತುದಿ ಸಿಕ್ಕಿ, ಹಳೆಯ ಔಷಧಿ ಶೀಶೆಗೆ ಬೀಳುವವರೆಗೆ ಆ ಚಿತ್ರ ಹೊಸಿಲು ದಾಟುವಂತಿಲ್ಲ. ಎದ್ದೇಳುವ ಮುಂಚೆ ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊನೆ ನೋಡದೆ ಅವಳು ಎದ್ದವಳೇ ಅಲ್ಲ. ಒಂದೇ ಒಂದು ದಿನ ಬಿಟ್ಟು.

ಅವತ್ತು ಮಹಡಿ ಮನೆಯ ಹುಡುಗಿ ತನ್ನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಚಿಕ್ಕಮ್ಮ, ಮೊಲದ ಗೊಂಬೆ ಆಯ್ತಾ? ಇವನು ನನ್ನ ಕಿವಿಯನ್ನೇ ಮೊಲ ಅಂದ್ಕೊಂಡು ಕಡೀತಿದಾನೆ."

"ಬಂತಮ್ಮ, ಇನ್ನೊಂದು ಕಿವಿ ಅಂಟಿಸಿಬಿಟ್ರೆ..."

ಮಗು ನಕ್ಕಿತು. ಚಿಕ್ಕಮ್ಮನೂ ನಕ್ಕಳು. ಸೂಜಿ ಯಾಕೋ ಸಲೀಸಾಗಿ ಇಳಿಯಲಿಲ್ಲ. ಮೊಂಡಾಯಿತೇನೋ ಎಂದು ಪಕ್ಕಕ್ಕಿಟ್ಟು, ಇನ್ನೊಂದು ತೆಗೆದು ಕಿವಿ ಮುಗಿಸಿ, ಬಿಳಿ ಮೊಲವನ್ನು ಮಗುವಿನ ಕೈಗಿತ್ತಳು. ಮಗು ಅದನ್ನು ನೇರ ಬಾಯಿಗೆ ತುಂಬಿಕೊಂಡಿತು.

ಮಾರನೆಯ ಬೆಳಿಗ್ಗೆ ಆ ಸೂಜಿ ಕೈಗೆ ಸಿಕ್ಕಿತು. ಬೆಳಕಿಗೆ ಹಿಡಿದಳು. ಮೊನೆ ಇರಲಿಲ್ಲ.

ಮೇಜಿನ ಮೇಲೆ ಅಂಗೈ ಸವರಿದಳು. ಸ್ಪಂಜು ಸೀಳಿದಳು. ನೆಲಕ್ಕೆ ಕೆನ್ನೆ ತಾಗಿಸಿ ಬೆಳಕಿನೆದುರು ನೋಡಿದಳು. ಇಲ್ಲ. ಗಂಡನೂ ಭೂತಗನ್ನಡಿ ಹಿಡಿದು ಮೊಣಕಾಲೂರಿದ.

"ರೀ, ಅಯಸ್ಕಾಂತ ಇಲ್ವಾ?"

"ಗಡಿಯಾರದವನ ಮನೇಲಿ ಅಯಸ್ಕಾಂತಾನಾ? ಇದ್ರೆ ಗಡಿಯಾರ ಎಲ್ಲ ಕೆಡ್ತವೆ. ಇಲಿ ಸಾಕೋ ಮನೇಲಿ ಬೆಕ್ಕು ಕೇಳಿದ ಹಾಗಾಯ್ತು." ನಗಿಸಲು ಹೇಳಿದ್ದ. ಅವನಿಗೇ ನಗು ಬರಲಿಲ್ಲ.

ಆಗಲೇ ಮೇಲಿನಿಂದ ಮತ್ತೆ ಮಗುವಿನ ಅಳು ಕೇಳಿಸಿತು. ನಸುಕಿನಿಂದಲೇ ಕೇಳುತ್ತಿತ್ತು, ಹಲ್ಲು ಬರುತ್ತಿರಬೇಕು ಎಂದುಕೊಂಡು ಅವಳು ಸುಮ್ಮನಿದ್ದಳು. ಈಗ ಅದೇ ಅಳು ಬೇರೆಯಾಗಿ ಕೇಳಿಸಿತು. ಹೇಳಿದರೆ ಬೀದಿ ಏನೆನ್ನುತ್ತದೆಂದು ಗೊತ್ತಿತ್ತು: ನೋಡಿದ್ರಾ, ಚುಚ್ಚೇ ಬಿಟ್ಟಳು. ಹೇಳದಿದ್ದರೆ? ಕೂದಲೆಳೆಯಷ್ಟು ಉಕ್ಕು, ಮಗುವಿನ ಗಂಟಲು. ಮುಂದಕ್ಕೆ ಯೋಚನೆ ಓಡಲಿಲ್ಲ. ಕಾಲು ಮಾತ್ರ ಮೆಟ್ಟಿಲ ಕಡೆ ಓಡಿತು.

"ಯಾಕಮ್ಮ ಅಳ್ತಿದಾನೆ?"

"ಗೊತ್ತಾಗ್ತಿಲ್ಲ ಚಿಕ್ಕಮ್ಮ. ಹಾಲು ಬೇಡ, ನೀರು ಬೇಡ. ನಿಮ್ಮ ಮೊಲ ಕೊಟ್ರೆ ಒಂದ್ಸಲ ಕಚ್ಚಿ ಕಿಟಾರ್ ಅಂತ ಕಿರುಚಿದ."

ಮೊಲ ನೆಲದ ಮೇಲೆ ಬಿದ್ದಿತ್ತು. ಒಂದು ಕಿವಿ ಎಂಜಲಿನಲ್ಲಿ ನೆನೆದು, ತುದಿ ಬಿಚ್ಚಿಹೋಗಿತ್ತು. ಚಿಕ್ಕಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. "ಮಗಳೇ, ನನ್ನ ಸೂಜಿಯ ಮೊನೆ ಕಾಣ್ತಿಲ್ಲ. ಮೊಲದೊಳಗೇ ಮುರಿದಿರಬೇಕು. ಆಸ್ಪತ್ರೆಗೆ ನಡಿ. ಬೈಯೋದೆಲ್ಲ ದಾರೀಲಿ ಬೈಯುವಿಯಂತೆ."

ಹುಡುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಟೋದಲ್ಲಿ ಮಗುವನ್ನು ಎದೆಗೆ ಒತ್ತಿಕೊಂಡು, ಚಿಕ್ಕಮ್ಮನ ಸೆರಗು ಕೂಡ ತಾಗದಂತೆ ಮೂಲೆಗೆ ಸರಿದು ಕೂತಳು. ಚಿಕ್ಕಮ್ಮ ಮೊಲವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಅದನ್ನು ಒತ್ತಿ ನೋಡಲೂ ಭಯ.

ಡಾಕ್ಟರಮ್ಮ ಮಗುವಿನ ಎಕ್ಸ್‌ರೇ ಫಿಲ್ಮನ್ನು ದೀಪಕ್ಕೆ ಹಿಡಿದು ಮೇಲಿಂದ ಕೆಳಗೆ ನೋಡಿದರು, ಕೆಳಗಿಂದ ಮೇಲೆ ನೋಡಿದರು. "ಏನೂ ಇಲ್ಲ. ವಸಡು ಊದಿದೆ, ಗಂಟಲು ಕೆಂಪಾಗಿದೆ, ಜ್ವರವೂ ಇದೆ. ಔಷಧಿ ಕೊಡ್ತೀನಿ."

ಹುಡುಗಿ ಕುಸಿದು ಬೆಂಚಿನ ಮೇಲೆ ಕೂತಳು. ಚಿಕ್ಕಮ್ಮ ಕೂರಲಿಲ್ಲ. ಹಾಗಾದರೆ ಮೊನೆ ಎಲ್ಲಿ? ಮನೆಯ ನೆಲದ ಮೇಲಿದ್ದರೆ? ಅಂಬೆಗಾಲಿಡುವ ಮಗು ಅದು. "ಅಯ್ಯಾ, ಈ ಮೊಲದ್ದೂ ಒಂದು ತೆಗಿ" ಎಂದಳು ಎಕ್ಸ್‌ರೇಯವನಿಗೆ.

"ಹೆಸರೇನಂತ ಬರ್ಕೊಳ್ಲಿ? ಮೊಲ. ವಯಸ್ಸು?" ಎಂದು ನಗಲು ಹೊರಟವನು ಅವಳ ಮುಖ ನೋಡಿ ಸುಮ್ಮನೆ ತೆಗೆದ.

ಫಿಲ್ಮಿನಲ್ಲಿ ಮೊಲವೇ ಇರಲಿಲ್ಲ ಎನ್ನಬೇಕು. ಗಾಜಿನ ಮೇಲೆ ಊದಿದ ಉಸಿರಿನಂಥ ಒಂದು ಮಬ್ಬು. ಆ ಮಬ್ಬಿನಲ್ಲಿ, ಕಿವಿಯ ಬುಡದಲ್ಲಿ, ಬಿಳಿಯ ಸಣ್ಣ ಗೆರೆ. ಮಗು ಕಚ್ಚಿದ್ದ ಜಾಗಕ್ಕೂ ಅದಕ್ಕೂ ನಡುವೆ ಬೆರಳಗಲ ಉಣ್ಣೆ.

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. "ನಾವು ಹೇಳಿರಲಿಲ್ವಾ?" ಚಿಕ್ಕಮ್ಮ ಕಿಟಕಿ ಮುಚ್ಚಿದಳು. ಚುಕ್ ಚುಕ್ ಸದ್ದು ನಿಂತಿತು. ಮೇಲೆ ಮಗು ಅತ್ತರೂ ಬೆಚ್ಚುವಳು, ಅಳದಿದ್ದರೂ ಬೆಚ್ಚುವಳು.

ಮಗುವಿನ ಜ್ವರ ಇಳಿದ ಮೇಲೆ ಒಂದು ಮಧ್ಯಾಹ್ನ ಆ ಹುಡುಗಿ ಇಳಿದು ಬಂದಳು. "ನಂಗಿನ್ನೂ ಸಿಟ್ಟಿದೆ ಚಿಕ್ಕಮ್ಮ. ಆದ್ರೆ ನೀವು ಬಂದು ಹೇಳದಿದ್ರೆ ಅದೇ ಮೊಲ ಬಾಯಿಗಿಟ್ಟು ಮಲಗಿಸ್ತಿದ್ದೆ. ಕೆಲಸ ಶುರು ಮಾಡಿ. ಆ ಸದ್ದಿಲ್ಲದೆ ಇವನು ನಿದ್ದೆ ಮಾಡ್ತಿಲ್ಲ."

"ನನ್ನ ಕಣ್ಣನ್ನ ನಾನು ನಂಬಲ್ಲಮ್ಮ ಇನ್ನು."

"ನನ್ನ ಕೆನ್ನೆ ಇದೆಯಲ್ಲ."

ಅಂದಿನಿಂದ ಚಿಕ್ಕಮ್ಮ ಗೊಂಬೆ ಮಾಡಲಿಲ್ಲ. ಬೇರೆಯವರಿಗೆ ಗಾಜಿನ ಹಿಂದೆ ಕೂರುವ ಚಿತ್ರ ಮಾತ್ರ. ಅದು ಹೊಸಿಲು ದಾಟುವ ಮುಂಚೆ ಹುಡುಗಿ ಕೆಳಗೆ ಬಂದು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕೆನ್ನೆ ಒತ್ತಿ ಸವರುವಳು. ಅಂಗೈಗಿಂತ ಕೆನ್ನೆ ಸೂಕ್ಷ್ಮ. ವರ್ಷಗಟ್ಟಲೆ ಹೀಗೇ ನಡೆಯಿತು. ಚಿಕ್ಕಮ್ಮನ ಗಂಡ ತೀರಿಕೊಂಡ, ಹುಡುಗಿಯ ತಲೆಯಲ್ಲೂ ನರೆ ಕಂಡಿತು. ಪದ್ಧತಿ ತಪ್ಪಲಿಲ್ಲ, ಚಿಕ್ಕಮ್ಮನ ಭಯವೂ.

ಒಂದು ಬೆಳಿಗ್ಗೆ ಅವಳು ಎದೆ ಹಿಡಿದುಕೊಂಡು ಕುಸಿದಳು. ಆಂಬುಲೆನ್ಸಿನವರು ಸ್ಟ್ರೆಚರ್ ಮೇಲೆ ಮಲಗಿಸಿ, ಅವಳೇ ಚುಚ್ಚಿ ಮಾಡಿಕೊಂಡಿದ್ದ ಬೂದಿಬಣ್ಣದ ಉಣ್ಣೆ ಹೊದಿಕೆ ಹೊದಿಸಿದರು. ಹೊಸಿಲ ಬಳಿ ಅವಳ ಕೈ ಹೊರಬಂದು ಚೌಕಟ್ಟನ್ನು ಹಿಡಿಯಿತು.

"ಇದನ್ನ ನೋಡಿದ್ಯಾ?"

ಮಹಡಿಯವಳು ಬಗ್ಗಿ, ಪಾದದಿಂದ ಕತ್ತಿನವರೆಗೆ ಹೊದಿಕೆಯ ಮೇಲೆ ಕೆನ್ನೆ ಎಳೆದಳು. "ಏನಿಲ್ಲ ಚಿಕ್ಕಮ್ಮ."

"ಇನ್ನೊಂದ್ಸಲ."

ಹೊತ್ತವರು ಕಾದರು. ಇಸ್ತ್ರಿಯವನು ತನ್ನ ಗಾಡಿಯನ್ನು ಬದಿಗೆ ಸರಿಸಿದ. ಮಹಡಿಯವಳು ಮತ್ತೆ ಬಗ್ಗಿ, ಇನ್ನೂ ನಿಧಾನವಾಗಿ, ಇನ್ನೂ ಒತ್ತಿ ಸವರಿದಳು. ಎದೆಯ ಮೇಲೆ ಬಂದಾಗ ಕೆನ್ನೆಗೆ ಸಿಕ್ಕಿದ್ದು ಉಣ್ಣೆಯ ಕೆಳಗೆ ಪಟಪಟ ಹೊಡೆದುಕೊಳ್ಳುತ್ತಿದ್ದ ಗುಂಡಿಗೆ ಮಾತ್ರ.

"ಏನೂ ಇಲ್ಲ."

ಚೌಕಟ್ಟಿನಿಂದ ಬೆರಳುಗಳು ಒಂದೊಂದಾಗಿ ಬಿಟ್ಟವು. ಅವಳನ್ನು ಹೊರಗೆ ಕರೆದೊಯ್ದರು.