ಮಿಷನ್ನಿನಲ್ಲಿ ಬಂದ ಸುದ್ದಿ

ಹೋದ ತಿಂಗಳು ಪಕ್ಕದ ಮನೆಯ ಸುಧಾ ಕಟ್ಟೆಯ ಮೇಲೆ ಕೂತು ತನ್ನ ಫೋನು ತೋರಿಸಿದಳು. ಶಿಕಾರಿಪುರದ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗಿ. "ನೋಡಜ್ಜಿ, ಆಫೀಸಿನ ಮಾತು, ಈಮೇಲು, ಮೆಸೇಜು ಎಲ್ಲಾ ಈಗ ಒಂದ್ರಾಗೇ ಬರ್ತಾವು," ಅಂದಳು. "ನಮ್ಮ ಮಿಲ್ಲಿನಾಗೆ ಆಗ್ಲೇ ಮಾಡಿದ್ರು ಬಿಡು," ಅಂದೆ. ನಕ್ಕಳು. ನಗಲಿ. ನೀವಾದರೂ ಕೇಳಿ.

ನಾನು ಅಕ್ಷರ ಕೂಡಿಸಿ ಓದುವವಳು. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ತೊಂಬತ್ತರ ದಶಕದಲ್ಲಿ ಶಿಕಾರಿಪುರದ ಒಂದು ಅಕ್ಕಿ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ. ಮಿಲ್ಲಿನ ಗೋದಾಮು ಸೊರಬದಲ್ಲಿತ್ತು. ನನ್ನ ಅಕ್ಕನ ಗಂಡ ಅಲ್ಲಿ ಕಾವಲಿಗಿದ್ದರು.

ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಉಬ್ಬಸದವಳು, ಬಾಯಿ ಜೋರು. "ನಾ ಸತ್ರೆ ನೀ ಬರೋ ತನಕ ಹೆಣ ತೆಗೀಬ್ಯಾಡ್ರಿ ಅಂತ ನಿಮ್ಮ ಭಾವನಿಗೆ ಹೇಳೀನಿ. ನೀ ಬೇಗ ಬಾ ಮತ್ತೆ, ಇಲ್ಲಂದ್ರೆ ನಾತ ಹೊಡೀತೀನಿ," ಅನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದೆವು.

ಆ ಕಾಲಕ್ಕೆ ಸೊರಬದಿಂದ ಮಿಲ್ಲಿಗೆ ಸುದ್ದಿ ಬರುವ ದಾರಿ ಹಲವು. ಫೋನಿನಲ್ಲಿ ಒಂದು, ಕಂಡಕ್ಟರು ತಂದ ಚೀಟಿಯಲ್ಲಿ ಇನ್ನೊಂದು, ಲಾರಿ ಡ್ರೈವರ್ ಮಲ್ಲಪ್ಪನ ಬಾಯಲ್ಲಿ ಮತ್ತೊಂದು. ಫೋನು ಕುಸುಬಲಕ್ಕಿ ಅಂದರೆ ಚೀಟಿ ನುಚ್ಚು ಅನ್ನುತ್ತಿತ್ತು. ಮಿಲ್ಲಿನ ಸಣ್ಣ ಸಾಹುಕಾರರು ರೇಗಿಹೋಗಿ ಎರಡೂ ಕಡೆಗೆ ಫ್ಯಾಕ್ಸ್ ಮಿಷನ್ನು ತರಿಸಿದರು. ಇನ್ನು ಮೇಲೆ ಏನಿದ್ದರೂ ಅದರಲ್ಲೇ ಬರೆದು ಕಳಿಸಬೇಕು, ಬಾಯಿಮಾತು ನಡೆಯದು ಅಂದರು. ಕೆಲಸದವರ ಮನೆಯ ಸುದ್ದಿಯೂ ಅದರಲ್ಲೇ. ಗುಮಾಸ್ತ ನಾಗರಾಜ ಬೆಳಿಗ್ಗೆ ಎಲ್ಲರಿಗೂ ಓದಿ ಹೇಳುತ್ತಿದ್ದ. ಸುಳ್ಳು ಯಾಕೆ ಹೇಳಲಿ, ಗೊಂದಲ ನಿಂತಿತು. ನಮಗೂ ಅದೊಂದು ತಮಾಷೆ. ಕಾಗದ ಹೊರಗೆ ಬಂದರೆ ಮಿಷನ್ನು ನಾಲಿಗೆ ಚಾಚಿತು ಅಂತ ಓಡಿಹೋಗಿ ನೋಡುತ್ತಿದ್ದೆವು.

ನಮ್ಮ ಕಡೆ ಸಾವಿನ ಸುದ್ದಿಯನ್ನು ನೇರ ಹೇಳುವುದಿಲ್ಲ. "ಸ್ವಲ್ಪ ಹುಷಾರಿಲ್ಲ, ಬಂದು ಹೋಗ್ಬೇಕಂತೆ," ಅನ್ನುತ್ತಾರೆ. ಆದರೆ ಹೇಳಲು ಬಂದವನು ಒಳಗೆ ಕೂರುವುದಿಲ್ಲ, ಕೊಟ್ಟ ಚಾ ಮುಟ್ಟುವುದಿಲ್ಲ. ಮಿಷನ್ನು ಬರುವ ಮೊದಲು ಒಮ್ಮೆ ಮಲ್ಲಪ್ಪ ಮಿಲ್ಲಿನ ಗೇಟಿನ ಹೊರಗೇ ನಿಂತು ನಮ್ಮ ಜೊತೆಯ ಗಂಗವ್ವನಿಗೆ, "ನಿಮ್ಮಪ್ಪಗೆ ಹುಷಾರಿಲ್ಲಂತ," ಅಂದ. ಗಂಗವ್ವ ಅವನ ಮುಖ ನೋಡಿದಳು, ಕೈಯಲ್ಲಿದ್ದ ಮೊರ ಬಿಟ್ಟು ಓಡಿದಳು.

ಕಾಗದಕ್ಕೆ ಮುಖ ಎಲ್ಲಿದೆ?

ಒಂದು ಬೆಳಿಗ್ಗೆ ನಾಗರಾಜ ಓದಿದ. ತೌಡಿನ ರೇಟು ಏರಿದೆ, ಚೀಲ ಕಡಿಮೆ ಬಿದ್ದಿವೆ. ಆಮೇಲೆ ಅದೇ ದನಿಯಲ್ಲಿ, "ಪಾರ್ವತವ್ವನಿಗೆ ಹುಷಾರಿಲ್ಲ. ತಂಗಿ ಬಂದು ಹೋಗುವುದು." ಓದಿ ಚಾ ಕುಡಿದ.

ಅಕ್ಕನಿಗೆ ಹುಷಾರಿದ್ದದ್ದು ಯಾವಾಗ? ಉಬ್ಬಸ ಎದ್ದಿದೆ ಅಂದುಕೊಂಡೆ. ಮುಂದಿದ್ದ ರಾಶಿ ಮುಗಿಸಿದೆ, ಊಟ ಮಾಡಿದೆ, ಸೀರೆ ಬದಲಿಸಿ ಹೊರಟೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು, ಅಂದು ಅಲ್ಲಿ ಸಂತೆ. ಅವಳಿಗೆ ಮೂಸಂಬಿ ಅಂದರೆ ಜೀವ. ಒಂದೊಂದೇ ಒತ್ತಿ ನೋಡಿ ಆರಿಸಿದೆ, ಚೌಕಾಸಿ ಮಾಡಿದೆ. ಅಷ್ಟರಲ್ಲಿ ಒಂದು ಬಸ್ಸು ಹೋಯಿತು. ಹೋಗಲಿ, ಇನ್ನೊಂದು ಬರುತ್ತದೆ ಅಂದೆ.

ಸೊರಬದಲ್ಲಿ ಇಳಿದಾಗ ಹೊತ್ತು ಮುಳುಗಿತ್ತು. ಅಕ್ಕನ ಮನೆಯ ಅಂಗಳದಲ್ಲಿ ಗಂಡಸರು ಸಾಲಾಗಿ ಕಾಲು ತೊಳೆದುಕೊಳ್ಳುತ್ತಿದ್ದರು. ಯಾರೋ ನನ್ನ ಕೈಯಿಂದ ಮೂಸಂಬಿ ಚೀಲ ಇಸಿದುಕೊಂಡರು.

ಭಾವ ಕಂಬಕ್ಕೆ ಒರಗಿದ್ದರು. "ಈಗ ಬಂದ್ಯಾ? ಹೊತ್ತು ಇಳಿಯೋವರೆಗೂ ಕಾದ್ವಲ್ಲೇ. ಊರೋರು ಇನ್ನು ಕಾಯೋಕಾಗೋದಿಲ್ಲ ಅಂದ್ರು."

"ಹುಷಾರಿಲ್ಲ ಅಂತಷ್ಟೇ ಕಳಿಸಿದ್ರಲ್ಲ, ಭಾವಾ!"

"ಮತ್ತೆಂತ ಕಳಿಸ್ಲಿ? ಹೆಂಡ್ತಿ ಸತ್ಲು ಅಂತ ತೌಡಿನ ರೇಟಿನ ಕೆಳಗೆ ಬರೆಸ್ಲಾ?"

"ಮಲ್ಲಪ್ಪನ ಹತ್ರ ಹೇಳಿ ಕಳಿಸ್ಬೇಕಿತ್ತು."

"ಬಾಯಿಮಾತು ತಗೊಂಡು ಹೋಗಂಗಿಲ್ಲ ಅಂದ ಅವ. ಮಿಷನ್ನು ಲಾರಿಗಿಂತ ಬೇಗ ಮುಟ್ಟುತ್ತೆ ಅಂತ ನಾನೂ ಸುಮ್ಮನಾದೆ."

ಬೇಗ ಮುಟ್ಟಿತ್ತು, ಅದೂ ನಿಜ. ಯಾರನ್ನು ಬೈಯುವುದು? ಹೂಳಿದ ಕಡೆ ಮಣ್ಣು ಇನ್ನೂ ಹಸಿಯಾಗಿತ್ತು. ಅದನ್ನೇ ನೋಡಿ ಬಂದೆ.

ಮೊನ್ನೆ ಭಾವ ಸತ್ತರು. ಅವರ ಆರೈಕೆಗೆಂದು ನಾನು ಸೊರಬದ ಅದೇ ಮನೆಯಲ್ಲಿದ್ದೆ. ಅಕ್ಕನ ಮಗ ಹಾವೇರಿಯಲ್ಲಿ ವೆಲ್ಡಿಂಗ್ ಮಾಡುತ್ತಾನೆ. "ಅಪ್ಪಂಗೆ ಹುಷಾರಿಲ್ಲ ಬಾ ಅಂತ ಮೆಸೇಜ್ ಹಾಕ್ರಿ, ಹುಡುಗ ದಾರೀಲಿ ಗಾಬರಿ ಬೀಳ್ತಾನೆ," ಎಂದು ಹೆಂಗಸರು ಗುಸುಗುಸು ಶುರುಮಾಡಿದರು. ನಾನು ಫೋನು ಹಚ್ಚಿಸಿಕೊಂಡೆ.

"ನಿಮ್ಮಪ್ಪ ಸತ್ತ. ಈಗ್ಲೇ ಹೊರಡು."

ಹುಡುಗ ಕೇಳಿದ, "ಎಷ್ಟೊತ್ತಿಗೆ ತೆಗೀತೀರಿ, ಚಿಕ್ಕವ್ವಾ?"

"ನೀ ಮುಖ ನೋಡಿದ ಮ್ಯಾಲೆ."

ಹೆಂಗಸರು ರಾಕ್ಷಸಿಯನ್ನು ಕಂಡವರ ಹಾಗೆ ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ಹೋಗಿ, ಹೆಣದ ಸ್ನಾನಕ್ಕೆ ನೀರು ಕಾಯಿಸಲು ಒಲೆಗೆ ಕಟ್ಟಿಗೆ ಇಟ್ಟೆ.