ಶಿವಾರಪಟ್ಟಣದ ಕಲ್ಲುಶೆಡ್ಡಿನಲ್ಲಿ ಏರಿದ ಮುಳ್ಳು

ಕಲ್ಲು ಕೆತ್ತುವ ಮನೆಯಲ್ಲಿ ಇಂಜಿನಿಯರ್ ಆಗೋದು ಸಾಧ್ಯವೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ. ಅವರ ಮಾತು ಸುಳ್ಳಾಯಿತು. ನಾನೀಗ ಹೇಳುವುದು ಮಾತ್ರ ಸುಳ್ಳಲ್ಲ. ಕಣ್ಣಾರೆ ಕಂಡದ್ದು.

ಎಂಬತ್ತರ ದಶಕ. ಬೆಳಗಾದರೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಪರೀಕ್ಷೆ. ಕೆಟ್ಟರೆ ಡಿಗ್ರಿ ಇಲ್ಲ. ನಾನು ಮಾಡಿದ್ದು ಭಾರ ಅಳೆಯುವ ಯಂತ್ರ. ಹಲಗೆಯ ಕೆಳಗಿನ ಕಬ್ಬಿಣದ ಪಟ್ಟಿಗೆ ಸೆನ್ಸಾರ್ ಅಂಟಿಸಿದ್ದೆ. ಪಟ್ಟಿ ಬಾಗಿದರೆ ಸೆನ್ಸಾರಿನ ರೆಸಿಸ್ಟೆನ್ಸ್ ಬದಲಾಗಿ, ಬ್ರಿಡ್ಜ್ ಸರ್ಕ್ಯೂಟಿನ ಸಮತೋಲ ತಪ್ಪುತ್ತದೆ. ಅದರಿಂದ ಹೊರಡುವ ಎಸಿ ಕರೆಂಟನ್ನು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಹಾಗಾಗಿ ಭಾರ ಹೆಚ್ಚಿದರೂ, ಕಡಿಮೆಯಾದರೂ ಮೀಟರಿನ ಮುಳ್ಳು ಏರುವುದು ಬಲಕ್ಕೇ.

ಶೆಡ್ಡಿನಲ್ಲಿ ಅಪ್ಪ ಕಣ್ಣು ಕೆತ್ತದೆ ಬಿಟ್ಟಿದ್ದ ಅಮ್ಮನವರ ವಿಗ್ರಹವನ್ನು ಹಲಗೆಯ ಮೇಲಿಟ್ಟು, ಸಮತೋಲದ ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದೆ.

"ದೇವರನ್ನ ತೂಕ ಹಾಕ್ತೀಯೇನೋ?" ಅಂದರು ಅಪ್ಪ.

"ಕಣ್ಣು ತೆರೆಯೋವರ್ಗೂ ಕಲ್ಲೇ ಅಂತ ನೀನೇ ಅಂತೀಯಲ್ಲಪ್ಪಾ."

ಅಪ್ಪ ನಕ್ಕು ಮನೆಗೆ ಹೋದರು.

ರಾತ್ರಿ ಎಂಟಾಗಿರಬಹುದು. ಕಲ್ಲುಪುಡಿಯ ವಾಸನೆ, ಬೆಸುಗೆಯ ಹೊಗೆ... ಮುಳ್ಳು ಮೆಲ್ಲಗೆ ಏರಿತು.

ಯಾರೂ ಮುಟ್ಟಿರಲಿಲ್ಲ.

ನನ್ನ ಗುಮಾನಿ ದೊಡ್ಡಪ್ಪನ ಮಗ ನಾಗರಾಜನ ಮೇಲೆ. ಸಂಜೆ ಇಲ್ಲೇ ಸುಳಿದಾಡಿದ್ದ. ಏನೋ ಕೆಡಿಸಿದ್ದಾನೆ! ಸೆನ್ಸಾರಿನ ವೈರು ಬಿಚ್ಚಿ, ಅದರ ಜಾಗದಲ್ಲಿ ಕಾಲೇಜಿನಿಂದ ತಂದಿದ್ದ ರೆಸಿಸ್ಟೆನ್ಸ್ ಬಾಕ್ಸ್ ಜೋಡಿಸಿದೆ. ಸೆನ್ಸಾರಿನಂತೆ ನಟಿಸುವುದೇ ಅದರ ಕೆಲಸ. ವಿಗ್ರಹದ ಭಾರಕ್ಕೆ ಸರಿಯಾಗಿ ಇಟ್ಟೆ: ಸೊನ್ನೆ. ತಿರುಗಿಸಿದೆ: ಲೆಕ್ಕದಂತೆ ಏರಿತು. ಸರ್ಕ್ಯೂಟಿನಲ್ಲಿ ಏನೂ ಕೆಟ್ಟಿರಲಿಲ್ಲ.

ಸೆನ್ಸಾರಿನ ವೈರನ್ನು ಬಿಗಿಯಾಗಿ ಮತ್ತೆ ಜೋಡಿಸಿದೆ. ಮುಳ್ಳು ಮತ್ತೆ ಮೇಲಕ್ಕೆ...

"ನಾಗರಾಜಾ, ವಿಗ್ರಹದ ಹಿಂದಿಂದ ಎದ್ದು ಬಾರೋ!"

"ಲೇ, ನಾನಿಲ್ಲಿದೀನಲ್ಲೋ!" ದನಿ ಬಂದದ್ದು ಬಾಗಿಲಿನಿಂದ. ಕೈಯಲ್ಲಿ ಮುದ್ದೆಯ ತಟ್ಟೆ. "ಚಿಕ್ಕಮ್ಮ ಊಟ ಕಳ್ಸವ್ರೆ. ಯಾರ್ನ ಕೂಗ್ತಿದೀಯ?"

ಅವನ ಕಣ್ಣೆದುರೇ ಮುಳ್ಳು ಇನ್ನೂ ಒಂದು ಗೆರೆ ಏರಿತು.

"ಭಾರ ಜಾಸ್ತಿ ಆಯ್ತೇನ್ಲಾ?" ಪಿಸುಗುಟ್ಟಿದ.

"ಗೊತ್ತಿಲ್ಲ... ಕಮ್ಮಿ ಆದ್ರೂ ಹಿಂಗೇ ಏರುತ್ತೆ."

ಸಮತೋಲದ ತಿರುಪನ್ನು ಯಾವ ಕಡೆ ತಿರುಗಿಸಿದರೆ ಮುಳ್ಳು ಇಳಿಯುತ್ತದೆಂದು ನೋಡಿದ್ದರೆ ಸಾಕಿತ್ತು, ಭಾರ ಹೆಚ್ಚಿತೋ ಕಮ್ಮಿಯಾಯಿತೋ ತಿಳಿದುಬಿಡುತ್ತಿತ್ತು. ಕೈ ಚಾಚಿದೆ... ಧೈರ್ಯ ಬರಲಿಲ್ಲ. ಇಬ್ಬರೂ ಮನೆಗೆ ಓಡಿ ಅಪ್ಪನಿಗೆ ಎಲ್ಲ ಹೇಳಿದೆವು.

ಬೆಳಿಗ್ಗೆ ಮುಳ್ಳು ಸೊನ್ನೆಯಲ್ಲೇ ಇತ್ತು. ಪರೀಕ್ಷೆಯಲ್ಲೂ ಯಂತ್ರ ಕೈಕೊಡಲಿಲ್ಲ. ರಾತ್ರಿ ಮುಳ್ಳು ಏರಿದ್ದನ್ನು ಹೇಳಿದಾಗ, ಬಿಸಿ-ತಂಪಿಗೆ ಹಾಗಾಗುತ್ತದೆ ಎಂದರು ಮೇಷ್ಟ್ರು. ಅಷ್ಟೊಂದಾ?

ಡಿಗ್ರಿ ಸರ್ಟಿಫಿಕೇಟನ್ನು ಮೊದಲು ಕೊಟ್ಟದ್ದು ಅಪ್ಪನ ಕೈಗೆ. ಓದಲು ಬಾರದ ಅವರು ಅದರ ಮೇಲೆಲ್ಲ ಬೆರಳಾಡಿಸಿ, ನನ್ನನ್ನು ಪಕ್ಕಕ್ಕೆ ಕರೆದರು.

"ಈಗ ಇಂಜಿನಿಯರ್ ಆದೆಯಲ್ಲಪ್ಪಾ, ಹೇಳು... ಅವತ್ತು ಆಯಮ್ಮ ಹಲಗೆಯಿಂದ ಎದ್ದಳಾ? ಇಲ್ಲಾ ಪಕ್ಕದಲ್ಲಿ ಇನ್ಯಾರೋ ಬಂದು ಕೂತ್ರಾ?"