ಸಿನಿಮಾದ ಎರಡನೇ ಪೆಟ್ಟು

ತೆರೆಯ ಮೇಲೆ ನಾಯಕನ ತಲೆಗೆ ಎರಡನೇ ಪೆಟ್ಟು ಬಿದ್ದದ್ದೇ ತಡ, ಮರೆತದ್ದೆಲ್ಲ ನೆನಪಾಯಿತು. ಎಪ್ಪತ್ತರ ದಶಕದ ಆ ಮಧ್ಯಾಹ್ನ ಆಗ ನಾವಿದ್ದ ಬಂಗಾಳದ ಬಾರಾನಗರದ ಟಾಕೀಸಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಜೊತೆಗೆ ಬಂದಿದ್ದ, ಅತ್ತಿಗೆ ಎಂಬರ್ಥದಲ್ಲಿ ನಾವು ‘ಬೌದಿ’ ಎನ್ನುತ್ತಿದ್ದ ನೆರೆಮನೆಯ ಬಂಗಾಳಿ ಹೆಂಗಸು ಅಮ್ಮನ ಕೈ ಹಿಡಿದು, “ನಿಮ್ಮವರಿಗೂ ಒಂದು ದಿನ ಹೀಗೇ ನೆನಪು ಬರುತ್ತೆ, ನೋಡಿ” ಎಂದರು. ಬ್ಯಾಂಕಿನಲ್ಲಿದ್ದ ಅಪ್ಪ ಟ್ರಾಮಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಓದುಬರಹವನ್ನೂ ನಮ್ಮ ಹೆಸರುಗಳನ್ನೂ ಮರೆತಿದ್ದರು.

ಅಮ್ಮ ತನ್ನ ಹರಕುಮುರುಕು ಬಂಗಾಳಿಯಲ್ಲೇ ಹೇಳಿದಳು: “ಪೆಟ್ಟಿನಿಂದ ಬರೋದಿಲ್ಲ ಬೌದಿ. ದಿನಾ ಬೆಳಿಗ್ಗೆ ಸ್ಲೇಟು ಹಿಡಿದು ನಾನು ಕಲಿಸ್ತಿದ್ದೇನೆ. ನಿನ್ನೆ ಮಗಳ ಹೆಸರು ಅವರೇ ಬರೆದರು.”

ಅಪ್ಪನಿಗೆ ಹಳೆಯದೆಲ್ಲ ಮರಳಲಿಲ್ಲ. ಆದರೆ ಎರಡು ವರ್ಷಗಳ ಬಳಿಕ ನನ್ನ ಕಾಲೇಜಿನ ಅರ್ಜಿಯನ್ನು ತಾವೇ ಓದಿ, ತುಂಬಿ, ಸಹಿ ಹಾಕಿದರು. ಅವರಿಗೆ ಅಕ್ಷರ ಕಲಿಸಿದವಳು ಏಳನೇ ತರಗತಿಯಷ್ಟೇ ಓದಿದ ನನ್ನಮ್ಮ ಎಂದು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ.